ಡ್ರೆಡ್‌ಲಾಕ್ಸ್‌ಗೆ ಕೂದಲು ಎಷ್ಟುದ್ದ ಬೇಕು? ಕೈಕೊಡದ 15 ಸೂತ್ರಗಳು

ಡ್ರೆಡ್‌ಲಾಕ್ಸ್ ಹಾಕಿಸಬೇಕು ಅನ್ನುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ನನ್ನ ಕೂದಲು ಇಷ್ಟುದ್ದ ಇದೆ, ಸಾಕಾ? ಇದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಅಂಕಿ ಇಲ್ಲ. ಜಮೈಕಾದ ಕಿಂಗ್‌ಸ್ಟನ್‌ನ ಹುಡುಗನಿಗೆ 2 ಇಂಚು ಸಾಕಾಗುತ್ತದೆ, ದಾವಣಗೆರೆಯ ಹುಡುಗಿಗೆ 6 ಇಂಚೂ ಒಮ್ಮೊಮ್ಮೆ ಸಾಲುವುದಿಲ್ಲ. ಕೂದಲಿನ ಸುರುಳಿ, ಜಟೆಯ ದಪ್ಪ, ಕಟ್ಟುವ ವಿಧಾನ, ಈ ಮೂರೂ ಸೇರಿ ಉದ್ದವನ್ನು ನಿರ್ಧರಿಸುತ್ತವೆ. ಆದರೂ ನಮ್ಮ ಕಡೆಯ ನೇರ ಕೂದಲಿಗೆ, ಅಲೆಯಲೆ ಕೂದಲಿಗೆ ಒಂದು ಅಂಕಿ ಬೇಕೇ ಬೇಕು ಅಂದರೆ ನಾನು ಹೇಳುವುದು 6 ಇಂಚು. 8 ಆದರೆ ಇನ್ನೂ ಒಳ್ಳೆಯದು. ಅದಕ್ಕಿಂತ ಮೊದಲೇ ಅವಸರ ಮಾಡಿದವರ ತಲೆ ಕೆಲವೇ ತಿಂಗಳಲ್ಲಿ ಕೆದರಿ ಹೋಗುತ್ತದೆ, ಬುಡ ನೋಯುತ್ತದೆ, ಕೊನೆಗೆ ಕತ್ತರಿಯೇ ಗತಿ ಆಗುತ್ತದೆ. ಹಾಗಾಗದಿರಲಿ ಎಂದು ಈ ಸೂತ್ರಗಳು.

1. ಮೊದಲು ಕೂದಲಿನ ಬಗೆ ಗುರುತಿಸಿ

ತಲೆಗೆ ಸ್ನಾನ ಮಾಡಿ. ಎಣ್ಣೆ, ಕಂಡೀಷನರ್, ಸೀರಮ್ ಯಾವುದನ್ನೂ ಹಚ್ಚದೆ, ಬಾಚದೆ, ಹಾಗೇ ಒಣಗಲು ಬಿಡಿ. ಒಣಗಿದ ಮೇಲೆ ಕನ್ನಡಿಯಲ್ಲಿ ಕಾಣುವುದೇ ನಿಮ್ಮ ನಿಜವಾದ ಕೂದಲು.

ಪೆನ್ಸಿಲಿಗಿಂತ ಸಣ್ಣದಾಗಿ, ಬಿಗಿಯಾಗಿ ಸುರುಳಿಗಟ್ಟುವ ಕೂದಲಾದರೆ ಒಂದೂವರೆಯಿಂದ 2 ಇಂಚಿಗೇ ಜಟೆ ಹಿಡಿಯುತ್ತದೆ. ಆಫ್ರಿಕಾ ಮೂಲದವರ ಕೂದಲು ಸಾಮಾನ್ಯವಾಗಿ ಹೀಗಿರುತ್ತದೆ. ನಮ್ಮಲ್ಲೇ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಅನೇಕರದೂ ಇಂಥದೇ ಕೂದಲು. ಬೆರಳಿಗೆ ಸುತ್ತಿಕೊಳ್ಳುವಷ್ಟು ಗುಂಗುರು ಇದ್ದರೆ 3ರಿಂದ 4 ಇಂಚು ಬೇಕು. ಅಲೆಯಲೆಯಾಗಿ ಇಳಿದಿದ್ದರೆ 5ರಿಂದ 6. ಕಡ್ಡಿ ನೇರ ಇದ್ದರೆ 6ರಿಂದ 8.

ಈ ವ್ಯತ್ಯಾಸಕ್ಕೆ ಕಾರಣ ಎಳೆಯ ಆಕಾರ. ನೇರ ಕೂದಲೆಳೆಯನ್ನು ಅಡ್ಡಕ್ಕೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚುಕಡಿಮೆ ದುಂಡಗಿರುತ್ತದೆ. ಬಿಗಿ ಸುರುಳಿಯ ಎಳೆ ಚಪ್ಪಟೆಯಾಗಿರುತ್ತದೆ. ಚಪ್ಪಟೆ ಎಳೆ ತಿರುಚಿಕೊಂಡೇ ಬೆಳೆಯುತ್ತದೆ, ಪಕ್ಕದ ಎಳೆಯನ್ನು ಸುತ್ತುತ್ತದೆ, ಸುತ್ತಿದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ದುಂಡನೆಯ ಎಳೆ ಜಾರುತ್ತದೆ. ಜಾರುವ ಎಳೆಯಲ್ಲಿ ಜಟೆ ನಿಲ್ಲಬೇಕಾದರೆ ಹೆಚ್ಚು ಗಂಟು ಬೇಕು, ಹೆಚ್ಚು ಗಂಟಿಗೆ ಹೆಚ್ಚು ಉದ್ದ ಬೇಕು.

2. ಮೂರು ಕಡೆ ಅಳೆಯಿರಿ, ಕಡಿಮೆ ಬಂದದ್ದನ್ನು ನಂಬಿ

ಹಣೆಯ ಮೇಲಿನ ಕೂದಲು ಮೂಗು ಮುಟ್ಟಿತು ಎಂದು ಹಿಗ್ಗುವವರು ಹೆಕ್ಕತ್ತನ್ನು ಮರೆತಿರುತ್ತಾರೆ. ನೆತ್ತಿಯ ಸುಳಿಯ ಹತ್ತಿರ, ಕಿವಿಯ ಮೇಲೆ, ಹೆಕ್ಕತ್ತಿನಲ್ಲಿ ಒಂದೊಂದು ಚಿಕ್ಕ ಹಿಡಿ ಕೂದಲನ್ನು ಎಳೆದು ನೆಟ್ಟಗೆ ಮಾಡಿ ಬುಡದಿಂದ ತುದಿಯವರೆಗೆ ಟೇಪು ಹಿಡಿಯಿರಿ. ಗುಂಗುರು ಕೂದಲನ್ನೂ ಎಳೆದೇ ಅಳೆಯಬೇಕು. ಇಲ್ಲಿ ಕೊಟ್ಟಿರುವ ಅಳತೆಗಳೆಲ್ಲ ಎಳೆದು ಹಿಡಿದಾಗಿನವು. ಟೇಪು ಕೈಗೆ ಸಿಗದಿದ್ದರೆ ಹೆಬ್ಬೆರಳಿನಿಂದ ತೋರುಬೆರಳಿನ ತುದಿಗೆ ಒಂದು ಚೋಟು ಹಾಕಿ. ದೊಡ್ಡವರ ಕೈಯಲ್ಲಿ ಅದು ಹತ್ತಿರ ಹತ್ತಿರ 6 ಇಂಚು.

ಲೇಯರ್ ಕಟ್ ಮಾಡಿಸಿದವರು ಎಲ್ಲಕ್ಕಿಂತ ಗಿಡ್ಡ ಪದರವನ್ನು ಅಳೆಯಬೇಕು. ಉದ್ದ ಪದರವಷ್ಟೇ ಜಟೆಯಾಗಿ ಗಿಡ್ಡದ್ದು ಹೊರಗೆ ಚಾಚಿಕೊಂಡರೆ ಎಷ್ಟು ತಿರುಚಿದರೂ ತಲೆ ಅಚ್ಚುಕಟ್ಟಾಗಿ ಕಾಣದು. ಕಿವಿಯ ಮೇಲೆಲ್ಲ ಬೋಳಿಸಿ ನೆತ್ತಿಯಲ್ಲಿ ಮಾತ್ರ ಉದ್ದ ಬಿಟ್ಟಿರುವವರು ನೆತ್ತಿಗಷ್ಟೇ ಜಟೆ ಹಾಕಿಸಬಹುದು, ಅದು ಚೆನ್ನಾಗಿಯೇ ಕಾಣುತ್ತದೆ. ಆಗ ಪಕ್ಕದ ಅಳತೆಯ ಚಿಂತೆ ಬೇಡ.

3. ಸ್ಟ್ರೈಟನಿಂಗ್ ಮಾಡಿಸಿದ ಉದ್ದ ಲೆಕ್ಕಕ್ಕಿಲ್ಲ

ಪಾರ್ಲರಿನಲ್ಲಿ ಸ್ಟ್ರೈಟನಿಂಗ್, ಸ್ಮೂದನಿಂಗ್ ಮಾಡಿಸಿದ ಕೂದಲು ಸೊಂಟದವರೆಗೆ ಇದ್ದರೂ ಜಟೆಗೆ ಅಷ್ಟಾಗಿ ಒಗ್ಗುವುದಿಲ್ಲ. ಅಲ್ಲಿ ಹಚ್ಚುವ ರಾಸಾಯನಿಕ ಎಳೆಯೊಳಗಿನ ಗಂಧಕದ ಬಂಧಗಳನ್ನು ಮುರಿದು, ನೇರವಾಗಿಸಿ, ಮತ್ತೆ ಕೂಡಿಸುತ್ತದೆ. ಆ ಭಾಗ ಇನ್ನು ಸುರುಳಿಯಾಗದು, ಮುರಿಯುವುದು ಮಾತ್ರ ಬೇಗ. ಬುಡದಿಂದ ಬಂದಿರುವ ಹೊಸ ಕೂದಲನ್ನಷ್ಟೇ ಅಳೆಯಿರಿ. ಬ್ಲೀಚ್ ಮಾಡಿಸಿದ ಕೂದಲಿನ ಕತೆ ಬೇರೆ: ಮೇಲ್ಮೈ ಒರಟಾಗಿರುವುದರಿಂದ ಗಂಟು ಬೇಗ ಹಿಡಿಯುತ್ತದೆ, ಆದರೆ ವರ್ಷ ಕಳೆಯುವುದರೊಳಗೆ ನಡುವಿಗೇ ತುಂಡಾಗುವ ಭಯ ಇರುತ್ತದೆ.

4. ವಿಧಾನಕ್ಕೆ ತಕ್ಕ ಉದ್ದ, ಉದ್ದಕ್ಕೆ ತಕ್ಕ ವಿಧಾನ

ಬಿಗಿ ಸುರುಳಿಯ ಗಿಡ್ಡ ಕೂದಲಿಗೆ ಬಾಚಣಿಗೆಯಿಂದ ಸುತ್ತುವ ಕೋಂಬ್ ಕಾಯಿಲ್ ಸಾಕು. ಸಣ್ಣ ಹಲ್ಲಿನ ಬಾಚಣಿಗೆಯನ್ನು ಬುಡಕ್ಕಿಟ್ಟು ಒಂದೇ ದಿಕ್ಕಿಗೆ ತಿರುಗಿಸುತ್ತ ತುದಿಗೆ ಬಂದರೆ ಸುರುಳಿ ಕೂರುತ್ತದೆ. ಒಂದೂವರೆ ಇಂಚಿಗೂ ಆಗುತ್ತದೆ. ಇದನ್ನು ನೇರ ಕೂದಲಿಗೆ ಮಾಡಿದರೆ ಒಂದು ತಲೆಸ್ನಾನಕ್ಕೆ ಮಂಗಮಾಯ.

ಎರಡೆಳೆ ತಿರುವಿಗೆ 3ರಿಂದ 4 ಇಂಚು ಬೇಕು. ಮೂರೆಳೆ ಜಡೆ ಹೆಣೆದು ಅದನ್ನೇ ಜಟೆಯಾಗಲು ಬಿಡುವುದಾದರೆ 5ರಿಂದ 6. ತುದಿಯನ್ನು ಬುಡದ ಮೂಲಕ ತೂರಿಸಿ ಎಳೆಯುವ ಇಂಟರ್‌ಲಾಕಿಂಗ್‌ಗೆ ಗುಂಗುರು ಕೂದಲಲ್ಲಿ 3ರಿಂದ 4. ಅಮೆರಿಕದ ಜೋಆನ್ ಕಾರ್ನ್‌ವೆಲ್ 1990ರ ದಶಕದಲ್ಲಿ ರೂಪಿಸಿದ ಸಿಸ್ಟರ್‌ಲಾಕ್ಸ್ ಕೂಡ ತೂರಿಸುವ ಬಗೆಯದೇ. ದಾರದಷ್ಟು ಸಣ್ಣ ಜಟೆಗಳು ಒಂದೇ ತಲೆಯಲ್ಲಿ ನೂರಾರು ಬರುತ್ತವೆ. ಅದು ಬಿಗಿ ಸುರುಳಿಯ ಕೂದಲಿಗೆಂದೇ ಹುಟ್ಟಿದ್ದು.

ನಮ್ಮ ಕೂದಲಿಗೆ ಹೆಚ್ಚಾಗಿ ಬಳಕೆಯಾಗುವುದು ಬ್ಯಾಕ್‌ಕೋಂಬಿಂಗ್ ಮತ್ತು ಕ್ರೋಶಾ. 6 ಇಂಚು ಯಾಕೆ ಅನ್ನುವುದು ಬ್ಯಾಕ್‌ಕೋಂಬಿಂಗ್ ಅನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ. ಒಂದು ಇಂಚು ಚೌಕದ ಜಾಗದ ಕೂದಲನ್ನು ಒಟ್ಟುಮಾಡಿ, ಎಡಗೈಯ ಎರಡು ಬೆರಳಲ್ಲಿ ತುದಿ ಹಿಡಿದು, ಬಿಗಿಯಾಗಿ ಎಳೆದಿಟ್ಟುಕೊಳ್ಳುತ್ತಾರೆ. ಬಲಗೈಯಲ್ಲಿ ಸಣ್ಣ ಹಲ್ಲಿನ ಉಕ್ಕಿನ ಬಾಚಣಿಗೆ. ಬುಡದಿಂದ ಅರ್ಧ ಇಂಚು ಆಚೆ ಬಾಚಣಿಗೆ ಇಳಿಸಿ ತಲೆಯ ಕಡೆಗೆ ತಳ್ಳುತ್ತಾರೆ. ಸಡಿಲ ಎಳೆಗಳು ಹಿಂದಕ್ಕೆ ಸರಿದು ಬುಡದಲ್ಲಿ ಕಿಕ್ಕಿರಿಯುತ್ತವೆ. ಮತ್ತೆ ಅರ್ಧ ಇಂಚು ಆಚೆ, ಮತ್ತೆ ತಳ್ಳುವುದು. ಹೀಗೆ ಒಂದೊಂದು ಜಟೆಗೂ ಹತ್ತು ಹದಿನೈದು ನಿಮಿಷ. ತುದಿಯ ಒಂದೂವರೆ ಇಂಚು ಬೆರಳ ಹಿಡಿತಕ್ಕೇ ಹೋಗುತ್ತದೆ. 4 ಇಂಚಿನ ಕೂದಲಲ್ಲಿ ಬಾಚಣಿಗೆ ಓಡಾಡಲು ಉಳಿಯುವುದು ಎರಡೂವರೆ ಇಂಚು. ಅಷ್ಟರಲ್ಲಿ ಕಟ್ಟಿದ ಗಂಟು ನೇರ ಕೂದಲಲ್ಲಿ ನಿಲ್ಲುವುದಿಲ್ಲ.

ಕ್ರೋಶಾ ವಿಧಾನದಲ್ಲಿ 0.5 ಅಥವಾ 0.75 ಮಿಲಿಮೀಟರಿನ ಕೊಕ್ಕೆಯ ಕಡ್ಡಿ. ಅದನ್ನು ಕೂದಲ ಕಟ್ಟಿನೊಳಗೆ ಚುಚ್ಚಿ, ಆಚೆ ಬದಿಯ ಸಡಿಲ ಎಳೆಯನ್ನು ಕೊಕ್ಕೆಗೆ ಸಿಕ್ಕಿಸಿ, ಒಳಕ್ಕೆ ಎಳೆಯುತ್ತಾರೆ. ನಾಲ್ಕೂ ಕಡೆಯಿಂದ, ಬಿಡುವಿಲ್ಲದೆ. ಜಟೆ ಆ ಕ್ಷಣಕ್ಕೇ ಗಟ್ಟಿಯಾಗುತ್ತದೆ. ಪಳಗಿದ ಕೈ ಎಳೆಯನ್ನು ಸಿಕ್ಕಿಸುತ್ತದೆ, ಹರಿಯುವುದಿಲ್ಲ. ಪಳಗದ ಕೈ ಪ್ರತಿ ಚುಚ್ಚಿಗೂ ನಾಲ್ಕಾರು ಎಳೆ ಕಿತ್ತುಹಾಕುತ್ತದೆ. ನಿಮ್ಮ ತಲೆಗೆ ಕೈ ಹಾಕುವ ಮೊದಲು ಅವರೇ ಹಾಕಿ ಒಂದು ವರ್ಷ ದಾಟಿದ ಜಟೆಯನ್ನು ತೋರಿಸಿ ಎಂದು ಕೇಳಿ. ಹಾಕಿದ ದಿನದ ಫೋಟೊ ಯಾವ ಸಾಕ್ಷಿಯೂ ಅಲ್ಲ.

5. 3 ಇಂಚಿಗೇ ಕ್ರೋಶಾ ಹಾಕಿಸುವ ಆತುರ ಬೇಡ

“3 ಇಂಚು ಇದ್ದರೂ ಆಗುತ್ತದೆ, ಕೂತುಕೊಳ್ಳಿ” ಅನ್ನುವವರು ಸಿಗುತ್ತಾರೆ. ಅವರು ಹೇಳುವುದು ಸುಳ್ಳೇನಲ್ಲ, ಕ್ರೋಶಾ ಕಡ್ಡಿಗೆ 3 ಇಂಚೂ ಸಿಕ್ಕುತ್ತದೆ. ಆಮೇಲಿನ ಲೆಕ್ಕ ನೋಡಿ. 3 ಇಂಚಿನ ಕೂದಲು ಜಟೆಯಾದಾಗ 2 ಇಂಚಿಗೆ ಇಳಿಯುತ್ತದೆ. ಕೂದಲು ತಿಂಗಳಿಗೆ ಸುಮಾರು ಅರ್ಧ ಇಂಚು ಬೆಳೆಯುತ್ತದೆ. ಮೂರು ತಿಂಗಳಿಗೆ ಬುಡದಲ್ಲಿ ಒಂದೂವರೆ ಇಂಚು ಸಡಿಲ ಕೂದಲು, ಅದರ ತುದಿಗೆ 2 ಇಂಚಿನ ಗಂಟು. ಮಲಗಿ ಏಳುವಾಗ ಆ ಗಂಟು ಎಲ್ಲೆಂದರಲ್ಲಿ ಹೊರಳುತ್ತದೆ, ಬುಡ ತಿರುಚುತ್ತದೆ, ಪಕ್ಕದ ಜಟೆಗೆ ಅಂಟಿಕೊಳ್ಳುತ್ತದೆ. ಸರಿಮಾಡಿಸಲು ತಿಂಗಳು ತಿಂಗಳು ಕಡ್ಡಿ ಹಾಕಿಸಬೇಕು, ಹಾಕಿಸಿದಾಗೆಲ್ಲ ಒಂದಿಷ್ಟು ಎಳೆ ಹರಿಯುತ್ತದೆ. 8 ಇಂಚಿನಿಂದ ಶುರುಮಾಡಿದವರಿಗೂ ಅದೇ ಒಂದೂವರೆ ಇಂಚು ಸಡಿಲ ಬರುತ್ತದೆ, ಆದರೆ ಕೆಳಗೆ ಐದಾರು ಇಂಚಿನ ಜಟೆ ತನ್ನ ಭಾರಕ್ಕೆ ನೆಟ್ಟಗೆ ಇಳಿದಿರುವುದರಿಂದ ಏನೂ ಆಗುವುದಿಲ್ಲ. ಆರು ತಿಂಗಳು ಕಾಯುವುದರಿಂದ ಎರಡು ವರ್ಷದ ಕಿರಿಕಿರಿ ತಪ್ಪುತ್ತದೆ. ಕಾಯಿರಿ, ದಯವಿಟ್ಟು.

6. ಕುಗ್ಗುವುದನ್ನು ಮೊದಲೇ ಕಳೆಯಿರಿ

ಭುಜದವರೆಗಿನ ಕೂದಲಿಗೆ ಜಟೆ ಹಾಕಿಸಿ ಎದ್ದಾಗ ಅದು ಕಿವಿಯ ಕೆಳಗೆ ನಿಂತಿರುತ್ತದೆ. ಗಂಟಾಗುವಾಗ ನೇರ ಕೂದಲು ಮೂರನೇ ಒಂದು ಭಾಗದಷ್ಟು ಕುಗ್ಗುವುದು ಸಾಮಾನ್ಯ. ಮೊದಲ ವರ್ಷ ಒಳಗೊಳಗೇ ಬಿಗಿಯಾಗುತ್ತ ಇನ್ನೂ ಸ್ವಲ್ಪ ಗಿಡ್ಡವಾಗುತ್ತದೆ. ಬುಡದಿಂದ ಬೆಳೆಯುತ್ತಿದ್ದರೂ ಕೆಲವು ತಿಂಗಳು ಉದ್ದ ನಿಂತಲ್ಲೇ ನಿಂತಂತೆ ಕಾಣುವುದು ಇದಕ್ಕೇ. ಜಟೆ ಭುಜ ಮುಟ್ಟಬೇಕು ಅಂದರೆ ಕೂದಲು ಭುಜದಿಂದ 4 ಇಂಚಾದರೂ ಕೆಳಗಿರಲಿ. ಇಲ್ಲವೇ ಮೊದಲ ವರ್ಷ ಕುಳ್ಳ ಜಟೆಗೆ ಮನಸ್ಸು ಮಾಡಿಕೊಳ್ಳಿ.

7. ದಪ್ಪ ಹೆಚ್ಚಿದಷ್ಟೂ ಉದ್ದ ಹೆಚ್ಚು ಬೇಕು

ಪೆನ್ಸಿಲ್ ದಪ್ಪದ ಜಟೆಗೆ 6 ಇಂಚು ಸಾಕು, ಹೆಬ್ಬೆರಳು ದಪ್ಪದ್ದಕ್ಕೆ 8 ಇದ್ದರೆ ಚೆನ್ನ. ಗಿಡ್ಡ ಕೂದಲಿನ ದಪ್ಪ ಜಟೆ ಇಳಿಬೀಳದೆ ಸೆಟೆದು ನಿಲ್ಲುತ್ತದೆ. ಒಂದು ಇಂಚಿನ ಚೌಕಗಳಾಗಿ ಬೈತಲೆ ತೆಗೆದರೆ ಸಾಮಾನ್ಯ ತಲೆಗೆ 50ರಿಂದ 60 ಜಟೆ ಬರುತ್ತವೆ. ತೆಳ್ಳಗಿನ ಕೂದಲಿನವರು ಜಟೆ ಹೆಚ್ಚು ಕಾಣಲಿ ಎಂದು ಚೌಕವನ್ನು ತೀರಾ ಚಿಕ್ಕದು ಮಾಡಿಸಬೇಡಿ. ಜಟೆ ಉದ್ದವಾದ ಮೇಲೆ, ಅದರಲ್ಲೂ ನೆನೆದಾಗ, ಅದರ ಭಾರವನ್ನು ಹೊರಬೇಕಾದವು ಬುಡದ ಆ ನಾಲ್ಕು ಎಳೆಗಳೇ.

ಚೌಕಗಳನ್ನು ಗೋಡೆಗೆ ಇಟ್ಟಿಗೆ ಜೋಡಿಸುವ ಹಾಗೆ ಸಾಲಿಗೆ ಸಾಲು ಅರ್ಧ ಸರಿಸಿ ತೆಗೆಸಿ. ಹಾಗೆ ತೆಗೆದರೆ ನಡುವಿನ ಬಿಳಿ ಗೆರೆಗಳು ಎದ್ದು ಕಾಣುವುದಿಲ್ಲ. ಹಣೆಯಂಚಿನ, ಕಿವಿಯ ಪಕ್ಕದ ಮೃದು ಕೂದಲನ್ನು ಸೇರಿಸದೆ ಹಾಗೇ ಬಿಡಿಸಿ. ಎಳೆತಕ್ಕೆ ಮೊದಲು ಉದುರುವುದು ಅದೇ ಜಾಗ.

8. ಬೆಳೆಸುವ ತಿಂಗಳುಗಳನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ

ತಿರುಪತಿಯಲ್ಲಿ ಮುಡಿ ಕೊಟ್ಟು ಬಂದವರಿಗೆ 6 ಇಂಚು ಬೆಳೆಯಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. 8 ಇಂಚಿಗೆ ವರ್ಷದ ಮೇಲೆ ನಾಲ್ಕು ತಿಂಗಳು. ಇದನ್ನು ಅರ್ಧಕ್ಕೆ ಇಳಿಸುತ್ತೇವೆ ಅನ್ನುವ ಯಾವ ಎಣ್ಣೆಗೂ ದುಡ್ಡು ಸುರಿಯಬೇಡಿ. ಬೆಳವಣಿಗೆ ಬುಡದಲ್ಲಿ, ಚರ್ಮದ ಒಳಗೆ ನಡೆಯುತ್ತದೆ. ತುದಿಯನ್ನು ಟ್ರಿಮ್ ಮಾಡಿಸಿದರೆ ಬೇಗ ಬೆಳೆಯುತ್ತದೆ ಅನ್ನುವುದೂ ನಿಜವಲ್ಲ. ನಡುವಿನ ನಾಲ್ಕೈದು ತಿಂಗಳು ಕೂದಲು ಕಣ್ಣಿಗೂ ಬೀಳುತ್ತದೆ, ಜುಟ್ಟಿಗೂ ಸಿಕ್ಕುವುದಿಲ್ಲ. ಬಹಳ ಜನ ಸೋಲುವುದು ಅಲ್ಲೇ. ಹೇರ್ ಬ್ಯಾಂಡ್ ಹಾಕಿ ದಾಟಿಬಿಡಿ.

ಡೆಂಗಿ, ಟೈಫಾಯ್ಡ್‌ನಂಥ ಜೋರು ಜ್ವರವಾದ ಎರಡು ಮೂರು ತಿಂಗಳಿಗೆ, ಹೆರಿಗೆಯಾದ ಮೂರು ನಾಲ್ಕು ತಿಂಗಳಿಗೆ ಕೂದಲು ಕೈತುಂಬ ಉದುರುವುದುಂಟು. ಸಾಮಾನ್ಯವಾಗಿ ಅದು ತಾನಾಗಿ ಸರಿಹೋಗುತ್ತದೆ. ಅದು ನಿಂತು, ಹೊಸ ಕೂದಲು ತುಂಬಿಕೊಳ್ಳುವವರೆಗೆ ಜಟೆಯ ಮಾತು ಬೇಡ.

9. ಅಳತೆಯೇ ಬೇಡದ ದಾರಿಯೂ ಒಂದಿದೆ

ಇಂಚು, ಕಡ್ಡಿ, ಬಾಚಣಿಗೆ ಇವೆಲ್ಲ ಈಚಿನವು. ಡ್ರೆಡ್‌ಲಾಕ್ಸ್ ಅನ್ನು ಲೋಕಕ್ಕೆ ತೋರಿಸಿಕೊಟ್ಟ ಜಮೈಕಾದ ರಾಸ್ತಾಫಾರಿಗಳು ಅಳತೆ ಹಿಡಿದು ಶುರುಮಾಡಿದವರಲ್ಲ. 1930ರ ನವೆಂಬರ್ 2ರಂದು ಇಥಿಯೋಪಿಯಾದಲ್ಲಿ ಹೈಲೆ ಸೆಲಾಸಿ ಪಟ್ಟಕ್ಕೆ ಬಂದದ್ದನ್ನು ತಮ್ಮ ಬಿಡುಗಡೆಯ ಸೂಚನೆಯೆಂದು ಕಂಡ ಜಮೈಕಾದ ಕಪ್ಪು ಬಡವರ ನಡುವೆ ಹುಟ್ಟಿದ ಪಂಥ ಅದು. ಬೈಬಲ್ಲಿನ ಅರಣ್ಯಕಾಂಡದ ಆರನೆಯ ಅಧ್ಯಾಯದಲ್ಲಿ ನಾಜೀರ ವ್ರತ ತೊಟ್ಟವರು ತಲೆಗೆ ಕ್ಷೌರದ ಕತ್ತಿ ಸೋಕಿಸಬಾರದು ಎಂಬ ವಿಧಿ ಇದೆ. ಅದನ್ನು ಪಾಲಿಸಿ ಅನೇಕರು ಕತ್ತರಿ, ಬಾಚಣಿಗೆ ಎರಡನ್ನೂ ಬಿಟ್ಟರು. ಅದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. 1963ರ ಏಪ್ರಿಲ್‌ನಲ್ಲಿ ಕೋರಲ್ ಗಾರ್ಡನ್ಸ್ ಎಂಬಲ್ಲಿ ನಡೆದ ಗಲಭೆಯ ನಂತರ ಜಮೈಕಾದ ಪೊಲೀಸರು ಸಿಕ್ಕಸಿಕ್ಕ ರಾಸ್ತಾಗಳನ್ನು ಹಿಡಿದು ಬಡಿದರು, ಜಟೆಗಳನ್ನು ಕತ್ತರಿಸಿ ಹಾಕಿದರು. ಜಮೈಕಾದ ಪ್ರಧಾನಿ ಆಂಡ್ರ್ಯೂ ಹೋಲ್ನೆಸ್ ಸರಕಾರದ ಪರವಾಗಿ ಕ್ಷಮೆ ಕೇಳಿದ್ದು 2017ರಲ್ಲಿ. ರಾಸ್ತಾ ಗಾಯಕ ಬಾಬ್ ಮಾರ್ಲಿಯ ಪೋಸ್ಟರಿನಲ್ಲಿ ನಾವು ನೋಡುವ ಜಟೆಯ ಹಿಂದೆ ಈ ಹೊಡೆತಗಳಿವೆ. ಹಾಕಿಸಿಕೊಳ್ಳುವವರು ಇಷ್ಟಾದರೂ ತಿಳಿದಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಅಳತೆಯಿಲ್ಲದೆ ತಾನಾಗಿ ಜಟೆಗಟ್ಟಲು ಬಿಡುವ ಈ ದಾರಿಯನ್ನು ಈಗ ಫ್ರೀಫಾರ್ಮ್ ಎನ್ನುತ್ತಾರೆ. ಬಾಚುವುದನ್ನು ನಿಲ್ಲಿಸಿ, ಕ್ರಮವಾಗಿ ತೊಳೆದು, ಗಂಟುಗಳು ಒಂದಕ್ಕೊಂದು ಕೂಡಿ ಚಾಪೆಯಾಗದಂತೆ ಬುಡದಲ್ಲಿ ಕೈಯಿಂದ ಬಿಡಿಸುತ್ತಿದ್ದರೆ ಸಾಕು, ಎಷ್ಟುದ್ದದಿಂದಲೂ ಹೊರಡಬಹುದು. ನೇರ ಕೂದಲಿಗೆ ಎರಡು ವರ್ಷ, ಅದಕ್ಕೂ ಹೆಚ್ಚು ಹಿಡಿಯಬಹುದು. ಒಂದು ಜಟೆ ದಪ್ಪ, ಒಂದು ಸಣ್ಣ, ಒಂದು ಚಪ್ಪಟೆ ಆಗುತ್ತದೆ. ಅದು ಒಪ್ಪಿಗೆಯಾದರೆ ಎಲ್ಲಕ್ಕಿಂತ ಕಡಿಮೆ ಎಳೆ ಮುರಿಯುವ ದಾರಿ ಇದೇ.

10. ಚೌರಿ ಸೇರಿಸುವುದಾದರೆ ಬುಡ ಗಟ್ಟಿಯಿರಲಿ

ಕಾಯಲಾರದವರು ಚೌರಿ ಸೇರಿಸಿ ಉದ್ದ ಮಾಡಿಸುತ್ತಾರೆ. ನಿಜವಾದ ಕೂದಲಿನ ಚೌರಿ ನಿಮ್ಮ ಕೂದಲಿನೊಡನೆ ಬೆರೆತು ಒಂದಾಗುತ್ತದೆ; ಪ್ಲಾಸ್ಟಿಕ್ ಎಳೆಯದು ಬೇರೆಯಾಗಿಯೇ ಉಳಿಯುತ್ತದೆ, ಎಳೆಯನ್ನು ಉಜ್ಜಿ ಹರಿಯುತ್ತದೆ. ಇದಕ್ಕೂ ಸ್ವಂತ ಕೂದಲು 4 ಇಂಚಾದರೂ ಬೇಕು. 2 ಇಂಚಿಗೆ 18 ಇಂಚಿನ ಚೌರಿ ಸಿಕ್ಕಿಸಿದರೆ ಅಷ್ಟೂ ಭಾರ ಬೀಳುವುದು ಬುಡಕ್ಕೆ.

11. ತಲೆಯ ಚರ್ಮ ಸರಿಯಿಲ್ಲದಿದ್ದರೆ ಇಂಚಿಗೆ ಬೆಲೆಯಿಲ್ಲ

ಹೊಟ್ಟು, ಹೇನು, ಹುಳುಕಡ್ಡಿ, ಕಜ್ಜಿ ಯಾವುದೇ ಇರಲಿ, ಪೂರ್ತಿ ವಾಸಿ ಮಾಡಿಕೊಂಡು ಬನ್ನಿ. ಜಟೆಯ ಒಳಗೆ ಸೇರಿದ ಸೀರನ್ನು ತೆಗೆಯುವುದು ಆಗದ ಮಾತು. ನೆತ್ತಿ ಬಕ್ಕವಾಗುತ್ತಿರುವ ಗಂಡಸರು, ಬೈತಲೆ ಅಗಲವಾಗುತ್ತಿರುವ ಹೆಂಗಸರು ಮೊದಲು ಚರ್ಮದ ವೈದ್ಯರನ್ನು ಕಾಣಲಿ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಜಟೆ ಹಾಕಿದ ಮೇಲೆ ಅವು ನೆಲಕ್ಕೆ ಬೀಳದೆ ಒಳಗೇ ಉಳಿಯುತ್ತವೆ, ಜಟೆ ವರ್ಷದಿಂದ ವರ್ಷಕ್ಕೆ ದಪ್ಪವಾಗುವುದಕ್ಕೆ ಅದೂ ಒಂದು ಕಾರಣ.

ಹಾಕಿಸಿದ ಮೊದಲ ಎರಡು ದಿನ ತಲೆ ಸ್ವಲ್ಪ ಬಿಗಿಯಬಹುದು. ವಾರವಾದರೂ ನೋವು ಹೋಗದಿದ್ದರೆ, ಬುಡದಲ್ಲಿ ಸಣ್ಣ ಗುಳ್ಳೆಗಳೆದ್ದರೆ, ತಡಮಾಡದೆ ಸಡಿಲ ಮಾಡಿಸಿ. ಎಳೆತದಿಂದ ಉದುರಿದ ಕೂದಲು ಮೊದಮೊದಲು ಮತ್ತೆ ಬರುತ್ತದೆ. ಎಳೆತ ವರ್ಷಗಟ್ಟಲೆ ಮುಂದುವರಿದರೆ ಬುಡವೇ ಸತ್ತುಹೋಗುತ್ತದೆ, ಆಮೇಲೆ ಬರುವುದಿಲ್ಲ.

12. ತೊಳೆಯಿರಿ, ಒಣಗಿಸಿ

ಜಟೆ ಅಂದರೆ ತಲೆ ತೊಳೆಯದಿರುವುದು ಎಂಬ ತಪ್ಪು ತಿಳಿವಳಿಕೆ ಇನ್ನೂ ಇದೆ. ಎಣ್ಣೆಜಿಡ್ಡು ಇಲ್ಲದ ಕೂದಲೇ ಬೇಗ ಗಂಟು ಹಿಡಿಯುವುದು. ಮೊದಲ ಎರಡು ವಾರ ಬಿಟ್ಟು, ಆಮೇಲೆ ವಾರಕ್ಕೊಮ್ಮೆ, ಕಂಡೀಷನರ್ ಬೆರೆಸದ ಶಾಂಪೂವಿನಿಂದ ತೊಳೆಯಿರಿ. ಸೋಪು ಬೇಡ. ಬೆಂಗಳೂರಿನ ಬೋರ್‌ವೆಲ್ ನೀರಿನಂಥ ಗಡಸು ನೀರಿನಲ್ಲಿ ಸೋಪು ಬಿಳಿ ಕಿಟ್ಟವಾಗಿ ಜಟೆಯೊಳಗೆ ಕೂತುಬಿಡುತ್ತದೆ. ಸೀಗೆಪುಡಿಯನ್ನು ಹಾಗೇ ಹಚ್ಚಿದರೂ ಕಸ ಒಳಗೇ ಉಳಿಯುತ್ತದೆ. ಬೇಕೇ ಬೇಕಾದರೆ ಸೀಗೆಕಾಯಿ, ಅಂಟುವಾಳ ಕುದಿಸಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ, ತಿಳಿ ನೀರನ್ನಷ್ಟೇ ಬಳಸಿ. ಮದರಂಗಿ ಅರೆದು ಮೆತ್ತುವುದನ್ನು ಮರೆತುಬಿಡಿ. ಮೇಣ ಹಚ್ಚಿ ಜಟೆ ಕೂರಿಸುವವರಿಂದ ದೂರವಿರಿ: ಮೇಣ ತೊಳೆದರೆ ಹೋಗುವುದಿಲ್ಲ, ಧೂಳನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ.

ಒಣಗಿಸುವುದು ತೊಳೆಯುವುದಕ್ಕಿಂತ ಮುಖ್ಯ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ದಪ್ಪ ಜಟೆ ಒಂದು ದಿನಕ್ಕೂ ಒಣಗುವುದಿಲ್ಲ. ಒಳಗೆ ತೇವ ನಿಂತರೆ ಬೂಸಲು ಹಿಡಿದು ಮುಗ್ಗಲು ವಾಸನೆ ಬರುತ್ತದೆ, ಅದನ್ನು ತೆಗೆಯಲು ಕತ್ತರಿಯೇ ಬೇಕಾಗುತ್ತದೆ. ಬೆಳಿಗ್ಗೆ ತೊಳೆಯಿರಿ, ಒಣ ಟವೆಲಿನಲ್ಲಿ ಒಂದೊಂದೇ ಜಟೆಯನ್ನು ಹಿಂಡಿ, ಹೇರ್ ಡ್ರೈಯರ್ ಹಿಡಿಯಿರಿ. ಹಸಿ ತಲೆಯಲ್ಲಿ ಮಲಗಬೇಡಿ. ಮಂಗಳೂರು, ಶಿವಮೊಗ್ಗ ಕಡೆಯವರು ಜಟೆ ಹಾಕಿಸುವುದನ್ನು ಮಳೆಗಾಲ ಮುಗಿಯುವವರೆಗೆ ಮುಂದೂಡಿದರೆ ಜಾಣತನ.

13. ಬುಡವನ್ನು ಪದೇ ಪದೇ ತಿರುಚಿಸಬೇಡಿ

ಬುಡದಲ್ಲಿ ಬರುವ ಸಡಿಲ ಕೂದಲನ್ನು ಜಟೆಗೆ ಸೇರಿಸಿ ತಿರುಚಿಸುವುದು ನಾಲ್ಕರಿಂದ ಆರು ವಾರಕ್ಕೊಮ್ಮೆ ಸಾಕು. ಮೊದಲ ಕೆಲವು ತಿಂಗಳು ಜಟೆ ಉಬ್ಬುತ್ತದೆ, ಕೆದರುತ್ತದೆ, ಎಳೆಗಳು ಹೊರಗೆ ಇಣುಕುತ್ತವೆ. ಇದು ಕೆಟ್ಟದ್ದಲ್ಲ, ಒಳಗೆ ಗಂಟು ಕೂಡುತ್ತಿರುವ ಗುರುತು. ಜಟೆ ಪೂರ್ತಿ ಗಟ್ಟಿಯಾಗಿ ಹಣ್ಣಾಗಲು ಗುಂಗುರು ಕೂದಲಿಗೆ ಒಂದರಿಂದ ಒಂದೂವರೆ ವರ್ಷ, ನೇರ ಕೂದಲಿಗೆ ಎರಡು ವರ್ಷವೂ ಆಗಬಹುದು. ಕನ್ನಡಿ ನೋಡಿ ಪ್ರತಿ ವಾರ ಪಾರ್ಲರಿಗೆ ಓಡುವವರ ಬುಡ ತೆಳ್ಳಗಾಗುತ್ತ ಹೋಗುತ್ತದೆ.

ಹಾಕಿಸುವ ಮೊದಲು ದಿನದ ಓಡಾಟ, ಕೆಲಸವನ್ನೂ ಯೋಚಿಸಿ. ಹೆಲ್ಮೆಟ್ ಹಾಕುವವರು ನೆತ್ತಿಯ ಮೇಲೆ ಗಂಟು ಕಟ್ಟದೆ ಹೆಕ್ಕತ್ತಿನ ಕೆಳಗೆ ಇಳಿಬಿಡುವಷ್ಟು ಉದ್ದ ಇಟ್ಟುಕೊಳ್ಳಬೇಕು. ಜಟೆಗಾಗಿ ಎರಡು ಸೈಜು ದೊಡ್ಡ ಹೆಲ್ಮೆಟ್ ತಂದರೆ ಬಿದ್ದಾಗ ಅದು ತಲೆ ಕಾಯುವುದಿಲ್ಲ. ಪೊಲೀಸ್, ಸೇನೆಯಂಥ ಸಮವಸ್ತ್ರದ ಕೆಲಸಕ್ಕೆ ತಯಾರಿ ನಡೆಸುತ್ತಿರುವ ಹುಡುಗರು ಈಗ ಹಾಕಿಸಬೇಡಿ.

14. ತಾನಾಗಿ ಬಂದ ಜಡೆಗೆ ಹೆದರಬೇಡಿ

ಮಾರುದ್ದದ ಕೂದಲನ್ನು ಕೆಲವು ವಾರ ಸಿಕ್ಕು ಬಿಡಿಸದೆ ಬಿಟ್ಟರೆ, ಜಿಡ್ಡು ಧೂಳು ಸೇರಿದರೆ, ಅದು ತಾನಾಗಿ ಗಂಟುಗಟ್ಟುತ್ತದೆ. ಉದ್ದ ಹೆಚ್ಚಿದಷ್ಟೂ ಸಿಕ್ಕು ಹೆಚ್ಚು, ಅಷ್ಟೇ. ಆದರೆ ಸವದತ್ತಿ ಎಲ್ಲಮ್ಮನ ಭಕ್ತಿ ಗಟ್ಟಿಯಾಗಿರುವ ಉತ್ತರ ಕರ್ನಾಟಕದಲ್ಲಿ, ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಹೆಣ್ಣುಮಗಳ ತಲೆಯಲ್ಲಿ ಹೀಗೆ ಜಡೆ ಬಂದರೆ ದೇವಿಯ ಕರೆ ಎಂದು ನಂಬಿ, ಕತ್ತರಿಸಲು ಹೆದರಿ, ಎಷ್ಟೋ ಬಾಲಕಿಯರನ್ನು ದೇವದಾಸಿಯರನ್ನಾಗಿ ಮಾಡಿದ್ದಾರೆ. ಹೀಗೆ ಸಮರ್ಪಿಸುವುದನ್ನು ಕರ್ನಾಟಕ 1982ರ ಕಾಯ್ದೆಯಿಂದಲೇ ನಿಷೇಧಿಸಿತು. ಮಹಾರಾಷ್ಟ್ರದಲ್ಲಿ ಅಂಧಶ್ರದ್ಧಾ ನಿರ್ಮೂಲನ ಸಮಿತಿಯವರು ಇಂಥ ಹೆಂಗಸರ ಮನವೊಲಿಸಿ ಜಡೆ ಕತ್ತರಿಸುತ್ತ ಬಂದಿದ್ದಾರೆ; ಕತ್ತರಿಸಿಕೊಂಡವರ ಕತ್ತಿನ ಭಾರ ಇಳಿದಿದೆ, ಕೇಡೇನೂ ಆಗಿಲ್ಲ. ತಾನು ಬಯಸಿ, ತಿಳಿದು ಹಾಕಿಸಿಕೊಂಡ ಜಟೆ ಒಂದು. ಹೆದರಿಕೆಯಿಂದ ಹೊತ್ತ ಜಡೆ ಇನ್ನೊಂದು. ನಿಮ್ಮ ಓಣಿಯಲ್ಲಿ ಹಾಗೆ ಹೊತ್ತವರು ಯಾರಾದರೂ ಇದ್ದರೆ ಹತ್ತಿರ ಕೂತು ಮಾತಾಡಿ, ತೆಗೆಸಲು ಜೊತೆಗೆ ಹೋಗಿ.

15. ಹೊರಬರುವ ದಾರಿಗೂ ಇಂಚು ಬೇಕು

ಹಾಕಿಸಿ ಎರಡು ಮೂರು ತಿಂಗಳೊಳಗಾದರೆ ಕಂಡೀಷನರ್ ಸುರಿದು, ಉಕ್ಕಿನ ಬಾಚಣಿಗೆಯ ಬಾಲದಿಂದ ತುದಿಯಿಂದ ಬುಡದ ಕಡೆಗೆ ಬಿಡಿಸಬಹುದು. ಹಣ್ಣಾದ ಜಟೆಯನ್ನೂ ಬಿಡಿಸುವವರಿದ್ದಾರೆ. ಒಂದೊಂದಕ್ಕೆ ಗಂಟೆಗಟ್ಟಲೆ ಬೇಕು, ಉಳಿಯುವ ಕೂದಲು ತೆಳ್ಳಗೆ, ಒರಟಾಗಿ ಉಳಿಯುತ್ತದೆ. ಬಹಳ ಜನ ಕತ್ತರಿಸುವುದನ್ನೇ ಆರಿಸಿಕೊಳ್ಳುತ್ತಾರೆ. ತೆಗೆಸುವ ಮನಸ್ಸಾದರೆ ಅದಕ್ಕೆ ಐದು ತಿಂಗಳು ಮೊದಲೇ ಬುಡ ತಿರುಚಿಸುವುದನ್ನು ನಿಲ್ಲಿಸಿ. ಅಷ್ಟರಲ್ಲಿ 2ರಿಂದ ಎರಡೂವರೆ ಇಂಚು ಸಡಿಲ ಕೂದಲು ಬಂದಿರುತ್ತದೆ. ಅದನ್ನು ಬಿಟ್ಟು ಕೆಳಗಿನ ಜಟೆಯನ್ನು ಕತ್ತರಿಸಿದರೆ ತಲೆ ಬೋಳಿಸಬೇಕಾಗಿಲ್ಲ, ಗಿಡ್ಡ ಕ್ರಾಪಿನಲ್ಲೇ ಮನೆಗೆ ಬರಬಹುದು.